ಗಾಂಧಿ ಬಜಾರಿನ ನಮ್ಮ ಮಳಿಗೆ ದುರ್ಗಿಗುಡಿಗೆ ಬರುತ್ತಿದೆ: ಗ್ರಾಹಕರಿಗೆ ಪತ್ರ

ನಮ್ಮ ಎಲ್ಲ ಗ್ರಾಹಕರಿಗೆ, ಸದಸ್ಯರಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಯುಗಾದಿ ಕಳೆದ ಮೇಲೆ ಬರುವ ಸೋಮವಾರದಿಂದ, ಉಪ್ಪಿನಕಾಯಿ, ಹಪ್ಪಳ, ಅಡಿಕೆ ಹಾಳೆಯ ತಟ್ಟೆ ಮಾರುವ ನಮ್ಮ ಸಂಘದ ಮಳಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಇರುವುದಿಲ್ಲ. ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ಚಿಕ್ಕ ಜಾಗ ಸಿಕ್ಕಿದೆ, ಅಲ್ಲಿಗೆ ಬರುತ್ತಿದ್ದೇವೆ. ಈಗಿರುವ ಹಂಚಿನ ಕಟ್ಟಡವನ್ನು ಮಳೆಗಾಲಕ್ಕೆ ಮುಂಚೆ ಕೆಡವುತ್ತಾರೆ. ಅಲ್ಲಿ ಮೂರು ಅಂತಸ್ತಿನ ಕಾಂಪ್ಲೆಕ್ಸ್ ಬರಲಿದೆ.

ಸುದ್ದಿ ಹೊರಬಿದ್ದ ಮೇಲೆ ಅಂಗಡಿಗೆ ಬಂದವರೆಲ್ಲ ಎರಡು ಪ್ರಶ್ನೆ ಕೇಳುತ್ತಿದ್ದಾರೆ. ಮಾಲೀಕರ ಜೊತೆ ಏನಾದರೂ ಜಗಳವಾಯಿತಾ? ಹೊಸ ಕಾಂಪ್ಲೆಕ್ಸಿನಲ್ಲೇ ಜಾಗ ತಗೋಬಹುದಿತ್ತಲ್ವಾ? ಎರಡಕ್ಕೂ ಸರಿಯಾಗಿ ಉತ್ತರ ಕೊಡಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇವೆ.

ಜಗಳ ಏನೂ ಇಲ್ಲ. ಕಟ್ಟಡ ಕಟ್ಟಿಸಿದ ಹಿರಿಯರು ಹೋಗಿ ಎಷ್ಟೋ ಕಾಲವಾಯಿತು. ಈಗ ಅದರಲ್ಲಿ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಸೇರಿ ಐದು ಪಾಲು. ಕೆಲವರು ಬೆಂಗಳೂರಿನಲ್ಲಿ, ಒಬ್ಬರು ಹೊರದೇಶದಲ್ಲಿ. ಮುಂಭಾಗ ಕಿರಿದಾಗಿ, ಹಿಂದಕ್ಕೆ ಉದ್ದ ಹೋಗುವ ಹಳೇ ಪೇಟೆಯ ಜಾಗ ಅದು. ಒಂದೇ ಸೂರಿನ ಕೆಳಗಿನ ಮನೆಯನ್ನು ಐದು ಭಾಗ ಮಾಡಲು ಬರುವುದಿಲ್ಲ. ಕಾಂಪ್ಲೆಕ್ಸ್ ಆದರೆ ಒಬ್ಬೊಬ್ಬರಿಗೆ ಇಷ್ಟಿಷ್ಟು ಅಂಗಡಿ ಅಂತ ಬರೆದುಕೊಳ್ಳಬಹುದು. ಇನ್ನು ನಿರ್ವಹಣೆಯ ಕಷ್ಟ ಬೇರೆ. ಪ್ರತಿ ಬೇಸಿಗೆಯಲ್ಲಿ ಹಂಚು ಕೈಯಾಡಿಸಬೇಕು, ಗೆದ್ದಲು ಹಿಡಿದ ರೀಪು (ಹಂಚು ಕೂರುವ ಮರದ ಪಟ್ಟಿ) ಬದಲಿಸಬೇಕು. ಆ ಕೆಲಸ ಗೊತ್ತಿದ್ದವರು ಸಿಗುವುದೇ ಕಡಿಮೆಯಾಗಿದೆ. ಸಿಕ್ಕರೂ ಬರುವ ಬಾಡಿಗೆಯಲ್ಲಿ ಅರ್ಧ ಅದಕ್ಕೇ ಹೋಗುತ್ತದೆ. ಮಾಲೀಕರ ಕಡೆಯ ಲೆಕ್ಕ ನಮಗೆ ಅರ್ಥವಾಗುತ್ತದೆ. ಅವರು ಇಷ್ಟು ವರ್ಷ ನಮ್ಮನ್ನು ಕಡಿಮೆ ಬಾಡಿಗೆಗೆ ಇಟ್ಟುಕೊಂಡಿದ್ದರು ಅನ್ನುವುದನ್ನು ಮರೆಯುವ ಹಾಗಿಲ್ಲ.

ಕೋರ್ಟಿಗೆ ಹೋಗಿ ತಡೆ ತರಬೇಕಿತ್ತು ಎಂದ ಸದಸ್ಯರೂ ಇದ್ದಾರೆ. ವಕೀಲರನ್ನು ಕೇಳಿದೆವು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ 14 ಚದರ ಮೀಟರಿಗಿಂತ ದೊಡ್ಡ ಅಂಗಡಿಗೆ ಸಿಗುವುದೇ ಇಲ್ಲ. ನಮ್ಮದು ಅದಕ್ಕಿಂತ ಬಹಳ ದೊಡ್ಡದು. ಸಿಗುತ್ತಿದ್ದರೂ ನಾವು ಹೋಗುತ್ತಿರಲಿಲ್ಲ.

ಕಟ್ಟಡಕ್ಕೇ ರಕ್ಷಣೆ ಇದೆಯಾ ಅಂದರೆ ಅದೂ ಇಲ್ಲ. ಶಿವಪ್ಪ ನಾಯಕನ ಅರಮನೆಯನ್ನು ಸರ್ಕಾರ ಉಳಿಸಿ ಮ್ಯೂಸಿಯಂ ಮಾಡಿದೆ. ಅದು ಸರಿಯಾದ ಕೆಲಸ. ಆದರೆ ಪೇಟೆಯ ಬೀದಿಯಲ್ಲಿರುವ ಒಂದು ಸಾಮಾನ್ಯ ಅಂಗಡಿಮನೆಯನ್ನು ಸ್ಮಾರಕ ಅಂತ ಯಾರೂ ಘೋಷಿಸುವುದಿಲ್ಲ. ಅಂಥ ಮನೆಗಳು ಒಂದೊಂದಾಗಿ ಹೋಗುತ್ತವೆ. ಒಂದು ಹೋದಾಗ ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ. ಹತ್ತು ಹೋದ ಮೇಲೆ ಬೀದಿಯೇ ಬೇರೆ ಆಗಿರುತ್ತದೆ. ಹಳೆಯದನ್ನು ಸುಮ್ನೆ ಹಾಗೇ ಬಿಟ್ಟರೂ ಉಳಿಯುವುದಿಲ್ಲ ಅನ್ನುವುದು ನಿಜ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳೇ ಹೋದವು. ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು. ಉಳಿಸಬೇಕೋ ಕೆಡವಬೇಕೋ ಎಂಬ ವಾದ ಆಮೇಲೆ ವರ್ಷಗಟ್ಟಲೆ ನಡೆಯಿತು. ಬೀಳುವ ಮೊದಲೇ ಕೈ ಹಾಕಿದರೆ ಮಾತ್ರ ಉಳಿಸಬಹುದು.

ಈಗ ಎರಡನೇ ಪ್ರಶ್ನೆ. ಹೊಸ ಕಾಂಪ್ಲೆಕ್ಸಿನಲ್ಲಿ ನಮಗೆ ಜಾಗ ಕೊಡುತ್ತೇವೆ ಎಂದು ಮಾಲೀಕರು ತಾವಾಗಿಯೇ ಹೇಳಿದರು. ಮೊದಲ ಮಹಡಿಯಲ್ಲಿ, ಈಗಿನ ಎರಡರಷ್ಟು ಜಾಗ, ಬಾಡಿಗೆಯೂ ಹೊರೆಯಾಗದ ಹಾಗೆ. ಕೆಳಗಡೆ ಬೇಕೆಂದರೆ ಬಾಡಿಗೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಆಡಳಿತ ಮಂಡಳಿಯಲ್ಲಿ ಇದರ ಬಗ್ಗೆ ಬಹಳ ಹೊತ್ತು ಮಾತಾಯಿತು. ಕೊನೆಗೆ ನಾವು ತೀರ್ಮಾನಿಸಿದ್ದು ಹೀಗೆ: ಮೇಲೆ ದೊಡ್ಡ ಜಾಗಕ್ಕಿಂತ ನೆಲದ ಮೇಲೆ ಚಿಕ್ಕ ಜಾಗವೇ ಒಳ್ಳೆಯದು. ಪೇಟೆಯ ನಡುವಿನ ಜಾಗ ಬಿಟ್ಟರೂ ಪರವಾಗಿಲ್ಲ, ನೆಲ ಬಿಡುವುದು ಬೇಡ.

ಕಾರಣ ಹೇಳುತ್ತೇವೆ. ದಂತವೈದ್ಯರು, ಟ್ಯೂಷನ್, ವಕೀಲರ ಕಚೇರಿ, ಇಂಥವು ಮಹಡಿಯ ಮೇಲೆ ಚೆನ್ನಾಗಿ ನಡೆಯುತ್ತವೆ. ಅಲ್ಲಿಗೆ ಜನ ಹುಡುಕಿಕೊಂಡೇ ಹೋಗುತ್ತಾರೆ. ನಮ್ಮ ಅಂಗಡಿ ಹಾಗಲ್ಲ. ಹೂವು ತರಲು ಬಜಾರಿಗೆ ಬಂದವರು ಬಾಗಿಲಲ್ಲಿ ಹಲಸಿನ ಹಪ್ಪಳದ ಕಟ್ಟು ನೋಡಿ ನಿಲ್ಲುತ್ತಾರೆ. ಮದುವೆ ಜವಳಿಗೆ ಬಂದವರು ಅಡಿಕೆ ಹಾಳೆಯ ತಟ್ಟೆ ನೋಡಿ, ಊಟಕ್ಕೆ ಇದನ್ನೇ ಇಡೋಣವಾ ಅಂತ ಅವರವರೇ ಮಾತಾಡಿಕೊಳ್ಳುತ್ತಾರೆ. ಅಪ್ಪೆಮಿಡಿ, ಅಂದರೆ ಎಳೆ ಮಾವಿನಕಾಯಿ, ಹಾಕಿದ ಭರಣಿಯ ಮುಚ್ಚಳ ತೆಗೆದರೆ ವಾಸನೆ ಬೀದಿಗೆ ಹೋಗುತ್ತದೆ. ನಮ್ಮ ವ್ಯಾಪಾರದಲ್ಲಿ ದೊಡ್ಡ ಪಾಲು ಹೀಗೆ ದಾರಿಯಲ್ಲಿ ಹೋಗುವವರದು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಸದಸ್ಯೆಯರು ಮಾಡಿ ಕಳಿಸುವ ಸಾಮಾನಿಗೆ ಜಾಹೀರಾತು ಇಲ್ಲ. ಬೀದಿಯೇ ಅದಕ್ಕೆ ಜಾಹೀರಾತು. ಮೇಲೆ ಹತ್ತಿ ಕೂತರೆ ಗೊತ್ತಿರುವವರು ಮಾತ್ರ ಬರುತ್ತಾರೆ. ಹೊಸಬರು ಬರುವುದಿಲ್ಲ.

ಇನ್ನೊಂದು, ನಮ್ಮ ಗ್ರಾಹಕರಲ್ಲಿ ವಯಸ್ಸಾದವರು ಜಾಸ್ತಿ. ಈಗಿನ ಕಟ್ಟಡಗಳಲ್ಲಿ ಗ್ರೌಂಡ್ ಫ್ಲೋರ್ ಎಂದರೂ ನೆಲಕ್ಕೆ ಸಮ ಇರುವುದು ಅಪರೂಪ. ಕೆಳಗೆ ಅರ್ಧ ಭೂಮಿಯೊಳಗೆ ವಾಹನ ನಿಲ್ಲಿಸಲು ಜಾಗ ಮಾಡುತ್ತಾರೆ. ಅದರಿಂದ ಅಂಗಡಿಗಳು ಐದಾರು ಮೆಟ್ಟಿಲು ಮೇಲೆ ಹೋಗುತ್ತವೆ. ಮಂಡಿನೋವಿನವರು ಬೀದಿಯಿಂದಲೇ ನೋಡಿ ಮುಂದೆ ಹೋಗುತ್ತಾರೆ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದು 2016ರಿಂದ ಇಷ್ಟು ವರ್ಷವಾಗಿದೆ. ಆದರೂ ಗಾಲಿಕುರ್ಚಿ ಸಲೀಸಾಗಿ ಒಳಗೆ ಬರುವ ಅಂಗಡಿಗಳು ಪೇಟೆಯಲ್ಲಿ ಎಷ್ಟಿವೆ, ಒಮ್ಮೆ ನೋಡಿ.

ನಮ್ಮ ಹಳೇ ಕಟ್ಟಡದ ಜಗಲಿ ಒಂದೇ ಮೆಟ್ಟಿಲಿನದು. ಅದರ ಬಗ್ಗೆ ನಾಲ್ಕು ಮಾತು ಬರೆಯದೆ ಇರಲು ಆಗುವುದಿಲ್ಲ. ಮುಂದಕ್ಕೆ ಚಾಚಿದ ಮಾಡು (ಸೂರು), ಕೆಳಗೆ ಮರದ ಕಂಬ, ಅದರ ಹಿಂದೆ ಒಂದೊಂದಾಗಿ ತೆಗೆದು ಜೋಡಿಸುವ ಹಲಗೆ ಬಾಗಿಲು. ಯಾವ ಹಲಗೆ ಎಲ್ಲಿಗೆ ಅಂತ ಗೊತ್ತಾಗಲು ಪ್ರತಿಯೊಂದಕ್ಕೂ ನಂಬರು ಕೆತ್ತಿದ್ದಾರೆ. ಮಳೆ ಬಂದರೆ ನಮ್ಮಲ್ಲಿ ಏನೂ ಕೊಳ್ಳದವರೂ ಆ ಮಾಡಿನ ಕೆಳಗೆ ನಿಲ್ಲುತ್ತಾರೆ. ಜೂನ್ ಜುಲೈನಲ್ಲಿ ಈ ಊರಿನಲ್ಲಿ ಓಡಾಡುವವರಿಗೆ ಅದರ ಬೆಲೆ ಗೊತ್ತು. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆ ಜಾತ್ರೆಯಲ್ಲಿ ಅಮ್ಮನನ್ನು ಮೊದಲು ಗಾಂಧಿ ಬಜಾರಿನಲ್ಲಿ ಕೂರಿಸುತ್ತಾರಲ್ಲ, ಆ ದಿನ ದರ್ಶನಕ್ಕೆ ಬಂದು ಸುಸ್ತಾದ ಹೆಂಗಸರು, ಮಕ್ಕಳು ನಮ್ಮ ಜಗಲಿ ತುಂಬ ಇರುತ್ತಾರೆ. ಜಾಗ ಮಾಲೀಕರದು, ಬಾಡಿಗೆ ನಮ್ಮದು, ನೆರಳು ಮಾತ್ರ ಊರಿನವರೆಲ್ಲರದು. ಹೊಸ ಕಟ್ಟಡಗಳಲ್ಲಿ ಗೋಡೆ ನೇರ ಚರಂಡಿಯವರೆಗೆ ಬಂದು ನಿಲ್ಲುತ್ತದೆ. ಶಟರ್ ಎಳೆದರೆ ಮುಗಿಯಿತು.

ಜಗಲಿಯ ಮೂಲೆಯಲ್ಲಿ ಹೂವು ಮಾರುವ ಅಕ್ಕನನ್ನು ನೀವೆಲ್ಲ ನೋಡಿದ್ದೀರಿ. ನಮ್ಮ ಜೊತೆ ದುರ್ಗಿಗುಡಿಗೆ ಬನ್ನಿ, ಬಾಗಿಲ ಪಕ್ಕ ಜಾಗ ಇದೆ ಅಂತ ಕರೆದೆವು. ಅವರು ಒಪ್ಪಲಿಲ್ಲ. ಅವರ ಗಿರಾಕಿಗಳು ಬೆಳಗ್ಗೆ ದೇವಸ್ಥಾನಕ್ಕೆ ಹೋಗುವವರು, ಪಕ್ಕದ ಅಂಗಡಿಗಳ ಪೂಜೆಗೆ ದಿನಾ ಮಾಲೆ ಒಯ್ಯುವವರು. ಬಜಾರು ಬಿಟ್ಟರೆ ಆ ಗಿರಾಕಿಗಳು ಇಲ್ಲ. ಅವರು ಹೇಳಿದ್ದು ಸರಿಯೇ. ಬೀದಿಬದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ. ವ್ಯಾಪಾರಿಗಳ ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಅಕ್ಕನ ಅರ್ಜಿ ಬರೆದುಕೊಟ್ಟಿದ್ದೇವೆ. ಮುಂದಿನ ಓಡಾಟಕ್ಕೂ ನಮ್ಮ ಸಂಘದಿಂದ ಒಬ್ಬರು ಜೊತೆಗೆ ಹೋಗುತ್ತಾರೆ. ನೀವು ಬಜಾರಿಗೆ ಹೋದಾಗ ಅವರು ಎಲ್ಲಿ ಕೂತಿದ್ದಾರೆ ಅಂತ ಹುಡುಕಿ ಅವರಲ್ಲೇ ಹೂವು ತೆಗೆದುಕೊಳ್ಳಿ ಅಂತ ಕೇಳಿಕೊಳ್ಳುತ್ತೇವೆ.

ಹೊಸ ಜಾಗದಲ್ಲಿ ಏನು ಬದಲಾಗುತ್ತದೆ ಅನ್ನುವುದಕ್ಕೆ ಬರೋಣ.

ಜಾಗ ಈಗಿನ ಅರ್ಧ. ಹಳೇ ಕಟ್ಟಡದ ಗೋಡೆ ಮಣ್ಣಿನದು, ಒಂದೂವರೆ ಅಡಿ ದಪ್ಪ. ಏಪ್ರಿಲ್ ಬಿಸಿಲಿನಲ್ಲೂ ಒಳಕೋಣೆ ತಂಪಾಗಿರುತ್ತಿತ್ತು. ಉಪ್ಪುನೀರಿನ ಮಿಡಿ, ಜೋನಿಬೆಲ್ಲ (ನೀರುಬೆಲ್ಲ), ಜೇನುತುಪ್ಪ ಎಲ್ಲ ಅಲ್ಲೇ ಇಡುತ್ತಿದ್ದೆವು. ಹಪ್ಪಳ, ಹಾಳೆ ತಟ್ಟೆ ಅಟ್ಟದ ಮೇಲೆ. ಹೊಸದು ಆರ್‌ಸಿಸಿ ಕಟ್ಟಡ, ಮಧ್ಯಾಹ್ನ ಕಾಯುತ್ತದೆ. ಸೆಖೆಗೆ ಜೋನಿಬೆಲ್ಲ ಹುಳಿ ಬಂದು ಉಕ್ಕುತ್ತದೆ. ಅದಕ್ಕೇ ಅದನ್ನು ಡಬ್ಬಗಟ್ಟಲೆ ತುಂಬಿಡುವುದಿಲ್ಲ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಹಳ್ಳಿಯಿಂದ ನೇರ ತರಿಸುತ್ತೇವೆ. ಪಾತ್ರೆ ತಂದು ಅಳೆಸಿಕೊಂಡು ಹೋಗುವವರು ಆ ಎರಡು ದಿನ ಬನ್ನಿ. ಹಾಳೆ ತಟ್ಟೆ ಅಂಗಡಿಯಲ್ಲಿ ಮಾದರಿಗೆ ಮಾತ್ರ ಇರುತ್ತದೆ. ಮದುವೆ, ಗೃಹಪ್ರವೇಶಕ್ಕೆ ಬೇಕಾದವರು ಒಂದು ವಾರ ಮುಂಚೆ ಹೇಳಿದರೆ ಮನೆಗೇ ತಲುಪಿಸುತ್ತೇವೆ. ಕಾಳುಮೆಣಸು, ಏಲಕ್ಕಿ, ಸೀಗೆಪುಡಿ, ವಾಟೆಹುಳಿ, ಕೆಂಪಕ್ಕಿ ಎಂದಿನಂತೆ ಸಿಗುತ್ತವೆ. ಚಿತ್ತಾರದ ಬುಟ್ಟಿ, ಬೆತ್ತದ ಸಾಮಾನು ಇಡಲು ಜಾಗ ಇಲ್ಲ. ಮಾಡುವವರ ಪಟ್ಟಿ ಕೌಂಟರಿನಲ್ಲಿ ಇರುತ್ತದೆ, ನೀವೇ ಅವರ ಹತ್ತಿರ ಮಾತಾಡಬಹುದು. ನಮಗೆ ಕಮಿಷನ್ ಬೇಡ.

ಬೆಲೆ? ಅರ್ಧ ಜಾಗಕ್ಕೆ ಈಗಿನದಕ್ಕಿಂತ ಜಾಸ್ತಿ ಬಾಡಿಗೆ ಕೊಡುತ್ತಿದ್ದೇವೆ, ಮುಚ್ಚಿಡುವುದಿಲ್ಲ. ಅದನ್ನು ಬೆಳೆದವರ, ಮಾಡಿದವರ ತಲೆ ಮೇಲೆ ಹಾಕುವುದಿಲ್ಲ ಎಂದು ಸರ್ವ ಸದಸ್ಯರ ಸಭೆಯಲ್ಲಿ ಒಪ್ಪಿಕೊಂಡಿದ್ದೇವೆ. ಅವರಿಗೆ ಕೊಡುವ ದರ ಇಳಿಯುವುದಿಲ್ಲ. ಉಪ್ಪಿನಕಾಯಿ ಮತ್ತು ಹಪ್ಪಳದ ಮಾರಾಟ ಬೆಲೆ ಸ್ವಲ್ಪ ಏರುತ್ತದೆ, ಉಳಿದವಕ್ಕೆ ಸದ್ಯ ಹಳೇ ಬೆಲೆಯೇ. ಈ ವರ್ಷ ಸದಸ್ಯರಿಗೆ ಲಾಭಾಂಶ ಇಲ್ಲ.

ಕಟ್ಟಡ ಕೆಡವಿದ ಮೇಲೆ ಕಂಬ, ತೊಲೆ, ಹಂಚು ಹಳೇ ಮರದ ವ್ಯಾಪಾರಿಗಳಿಗೆ ಹೋಗುತ್ತವೆ. ಹಲಗೆ ಬಾಗಿಲನ್ನು ನಾವು ಮಾಲೀಕರಿಂದ ಕೊಂಡಿದ್ದೇವೆ. ಹೊಸ ಮಳಿಗೆಗೆ ಅದೇ ಬಾಗಿಲು. ಬಡಗಿಯವರು ಅಳತೆ ತೆಗೆದಿದ್ದಾರೆ, ಎರಡು ಹಲಗೆ ಉಳಿಯುತ್ತವೆ, ಅವುಗಳಿಂದ ಹೊರಗೆ ಕೂರಲು ಬೆಂಚು ಮಾಡಿಸುತ್ತಿದ್ದೇವೆ.

ಪೇಟೆಯಲ್ಲಿ ಹಳೇ ಕಟ್ಟಡ ಇರುವ ನಮ್ಮ ಸದಸ್ಯರಿಗೆ, ಗ್ರಾಹಕರಿಗೆ ಒಂದು ವಿನಂತಿ. ಕೆಡವಲೇಬೇಕು ಎನ್ನುವ ಮುಂಚೆ ಅನುಭವಿ ಬಡಗಿಯೊಬ್ಬರನ್ನು, ಎಂಜಿನಿಯರ್ ಒಬ್ಬರನ್ನು ಕರೆಸಿ ಸೂರು ತೋರಿಸಿ. ಎಷ್ಟೋ ಕಡೆ ಹಾಳಾಗಿರುವುದು ರೀಪು ಮತ್ತು ಅದನ್ನು ಹೊರುವ ಪಕಾಸು ಮಾತ್ರ. ತೊಲೆ, ಕಂಬ ಗಟ್ಟಿ ಇರುತ್ತವೆ. ಮುಂಭಾಗದ ಜಗಲಿ ಉಳಿಸಿ ಹಿಂದೆ ಮಹಡಿ ಕಟ್ಟಲು ಬರುತ್ತದಾ ಕೇಳಿ. ಹೊಸದನ್ನೇ ಕಟ್ಟುವುದಾದರೆ ಅಂಗಡಿಯ ನೆಲ ಬೀದಿಗೆ ಸಮ ಇರಲಿ, ಮುಂದೆ ನಾಲ್ಕು ಅಡಿ ಮಾಡು ಬಿಡಿ. ಚಿಕ್ಕ ಅಂಗಡಿಗಳಿಗೆ ಕೆಳಗೆ ಒಂದೆರಡು ಚಿಕ್ಕ ಜಾಗ ಇಡಿ. ಎಲ್ಲವನ್ನೂ ಒಂದೇ ದೊಡ್ಡ ಶೋರೂಮಿಗೆ ಕೊಟ್ಟರೆ ಹೂವು, ಅರಿಶಿನ ಕುಂಕುಮ, ಗಡಿಯಾರ ರಿಪೇರಿ, ಛತ್ರಿ ರಿಪೇರಿಯವರು ಎಲ್ಲಿಗೆ ಹೋಗಬೇಕು? ಅವರು ಇರುವುದರಿಂದಲೇ ಜನ ನಡೆದುಕೊಂಡು ಬಜಾರಿಗೆ ಬರುತ್ತಾರೆ.

ಕೊನೆಗೆ, ಈ ಸಲದ ಅಪ್ಪೆಮಿಡಿ. ಮಿಡಿ ಬರುವ ಹೊತ್ತಿಗೇ ನಾವು ಅಂಗಡಿ ಬದಲಿಸುವುದೂ ಬಂದಿದೆ. ಹಸಿ ಮಿಡಿ ಬೇಕಾದವರು ಯುಗಾದಿಗೆ ಮುಂಚೆ ಹಳೇ ಅಂಗಡಿಯಲ್ಲಿ ಹೆಸರು ಬರೆಸಿ, ಅರ್ಧ ಹಣ ಕೊಟ್ಟಿರಿ. ಬಂದ ದಿನವೇ ಫೋನ್ ಮಾಡುತ್ತೇವೆ. ಫೋನ್ ನಂಬರು ಹಳೆಯದೇ. ನಿಮ್ಮ ಮನೆಯಲ್ಲಿರುವ ನಮ್ಮ ಭರಣಿಗಳನ್ನು ದಯವಿಟ್ಟು ಹೊಸ ಮಳಿಗೆಗೇ ತಂದುಕೊಡಿ. ಬೆಳಗ್ಗೆ 9ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ, ಭಾನುವಾರ ಮಧ್ಯಾಹ್ನದವರೆಗೆ.

ಇಂತಿ ನಿಮ್ಮ,
ಕಾರ್ಯದರ್ಶಿ
ಸಂಘದ ಆಡಳಿತ ಮಂಡಳಿಯ ಪರವಾಗಿ, ಶಿವಮೊಗ್ಗ