ತಟ್ಟೆ ಬೇರೆ ಮಾಡಿದರೆ ಕ್ಷಯ ತಡೆಯದು

ಮಾನ್ಯರೇ,

ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಷಯವೆಂದು ತಿಳಿದ ದಿನವೇ ಅವರ ತಟ್ಟೆ, ಲೋಟ ಬೇರೆಯಾಗುತ್ತವೆ. ಇದರಿಂದ ರೋಗಿಯ ಮನಸ್ಸು ನೋಯುತ್ತದೆಯೇ ಹೊರತು ಉಳಿದವರಿಗೆ ರಕ್ಷಣೆ ಸಿಗುವುದಿಲ್ಲ. ಸೋಂಕು ಹರಡುವುದು ಕೆಮ್ಮಿದಾಗ ಗಾಳಿಗೆ ಸೇರುವ ಕಣಗಳಿಂದ. ಅದೂ ಬಹುಪಾಲು ರೋಗ ಪತ್ತೆಯಾಗುವ ಮೊದಲೇ. ಸರಿಯಾದ ಔಷಧ ಶುರುವಾದ ಕೆಲವೇ ವಾರಗಳಲ್ಲಿ ಹರಡುವಿಕೆ ಬಹಳ ಇಳಿಯುತ್ತದೆ. ಅಲ್ಲಿಯವರೆಗೆ ರೋಗಿ ಮಾಸ್ಕ್ ಹಾಕಿ, ಕಿಟಕಿ ತೆರೆದ ಕೋಣೆಯಲ್ಲಿ ಮಲಗಿದರೆ ಸಾಕು. ತಾಯಿಗೆ ಕ್ಷಯವಿದ್ದರೂ ಮಾಸ್ಕ್ ಧರಿಸಿ ಎದೆಹಾಲು ಕೊಡಬಹುದು.

ಮುಖ್ಯವಾಗಿ ಆಗಬೇಕಾದದ್ದು ಮನೆಯವರೆಲ್ಲರ ತಪಾಸಣೆ. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಇವೆಯೇ ಎಂದು ಕೇಳಿ, ಎದೆಯ ಎಕ್ಸ್‌ರೇ ತೆಗೆಸಬೇಕು. ಸಂಶಯ ಬಂದರೆ ಕಫ ಪರೀಕ್ಷೆ. ರೋಗವಿಲ್ಲವೆಂದು ಖಚಿತವಾದ ಮೇಲಷ್ಟೇ ತಡೆ ಚಿಕಿತ್ಸೆ, ಅಂದರೆ ಒಳಗೆ ಅಡಗಿರಬಹುದಾದ ಸೋಂಕು ರೋಗವಾಗದಂತೆ ತಡೆಯುವ ಮಾತ್ರೆ: ಐಸೋನಿಯಾಜಿಡ್ ದಿನಕ್ಕೊಮ್ಮೆ 6 ತಿಂಗಳು, ಅಥವಾ ಐಸೋನಿಯಾಜಿಡ್–ರಿಫಾಪೆಂಟೈನ್ ವಾರಕ್ಕೊಮ್ಮೆಯಂತೆ 12 ವಾರ. ತಪಾಸಣೆ ಬಿಟ್ಟು ಮಾತ್ರೆ ಕೊಟ್ಟರೆ, ಒಳಗೇ ಇರುವ ರೋಗಕ್ಕೆ ಅರೆ ಚಿಕಿತ್ಸೆಯಾಗಿ ಔಷಧಕ್ಕೆ ಬಗ್ಗದ ಕ್ಷಯವೇ ಹುಟ್ಟಬಹುದು. ರೋಗಿಯದು ಅಂಥ ಕ್ಷಯವಾಗಿದ್ದರೆ ಮನೆಯವರ ಮಾತ್ರೆಯೂ ಬೇರೆ.

2021ರ ರಾಷ್ಟ್ರೀಯ ಮಾರ್ಗಸೂಚಿಯಂತೆ ತಡೆ ಚಿಕಿತ್ಸೆ ಮನೆಯ ಎಲ್ಲ ವಯಸ್ಸಿನವರಿಗೂ ಅನ್ವಯಿಸುತ್ತದೆ. ಆದರೂ ‘ನಾನು ಚೆನ್ನಾಗಿದ್ದೇನಲ್ಲ, ಮಾತ್ರೆ ಯಾಕೆ?’ ಎಂದು ದೊಡ್ಡವರು ನಿರಾಕರಿಸುತ್ತಾರೆ. ‘ಬಿಸಿಜಿ ಲಸಿಕೆ ಆಗಿದೆ’ ಎಂದು ಮಕ್ಕಳಿಗೆ ಮಾತ್ರೆ ಕೊಡದೆ ಬಿಡುತ್ತಾರೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಸೋಂಕು ಬೇಗ ರೋಗವಾಗುತ್ತದೆ. ಬಿಸಿಜಿ ಒಂದನ್ನೇ ನಂಬುವಂತಿಲ್ಲ. ಮಾತ್ರೆ ನಡುವೆ ನಿಲ್ಲುವುದಕ್ಕೆ ಇನ್ನೊಂದು ಕಾರಣ, ಮುಂಚೆಯೇ ಹೇಳದಿರುವುದು: ರಿಫಾಪೆಂಟೈನ್‌ನಿಂದ ಮೂತ್ರ ಕೆಂಪಾಗುವುದು ಸಹಜ, ಆದರೆ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗುತ್ತದೆ. ಕೈಕಾಲು ಜೋಮು ಹಿಡಿದರೆ ವಿಟಮಿನ್ ಬಿ6 ಬೇಕು. ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು. ಮಾತ್ರೆ ನುಂಗುವಷ್ಟು ದಿನವೂ ಮದ್ಯ ಬೇಡವೇ ಬೇಡ.

ಊಟವೂ ಔಷಧದಷ್ಟೇ ಮುಖ್ಯ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಮನೆಯ ವಯಸ್ಕರಿಗೆ ತಲಾ ತಿಂಗಳಿಗೆ 5 ಕೆ.ಜಿ. ಅಕ್ಕಿ, 1.5 ಕೆ.ಜಿ. ಬೇಳೆ, ಪೋಷಕಾಂಶದ ಮಾತ್ರೆ ಸಿಕ್ಕಾಗ ಹೊಸ ಪ್ರಕರಣಗಳು ಸುಮಾರು ಶೇ 40ರಷ್ಟು ಇಳಿದವು. ಈಗ ರೋಗಿಯ ಖಾತೆಗೆ ಸರ್ಕಾರದಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ ₹1,000 ಬರುತ್ತದೆ; ಮನೆಯವರ ಆಹಾರ ಕಿಟ್ ಮಾತ್ರ ‘ನಿಕ್ಷಯ ಮಿತ್ರ’ರು, ಅಂದರೆ ಕ್ಷಯರೋಗಿಗಳ ನೆರವಿಗೆ ಹೆಸರು ನೋಂದಾಯಿಸಿಕೊಂಡ ದಾನಿಗಳು, ಮುಂದೆ ಬಂದರಷ್ಟೇ. ಸರ್ಕಾರ ಇದನ್ನು ಪಡಿತರದ ಮೂಲಕವೇ ಖಾತರಿಪಡಿಸಲಿ. ರೋಗಿಗೆ ಮೊದಲ ಮಾತ್ರೆ ಕೊಡುವ ದಿನವೇ ಮನೆಯವರೆಲ್ಲರ ಹೆಸರು ಬರೆದು, ಕೂಲಿಯವರಿಗೆ ಒಗ್ಗುವಂತೆ ಎಕ್ಸ್‌ರೇ ದಿನ ಗೊತ್ತುಮಾಡಲಿ.

– ಆರೋಗ್ಯ ಕಾರ್ಯಕರ್ತೆ, ದಕ್ಷಿಣ ಕನ್ನಡ