ರಾಮದುರ್ಗಕ್ಕೆ ಹೋಗಿ ಬಂದೆ: ಗೆಳೆಯನಿಗೊಂದು ಪತ್ರ

ಬೆಳಗಾವಿ
ಸೆಪ್ಟೆಂಬರ್ 2019

ಪ್ರೀತಿಯ ದೋಸ್ತ,

"ಏನು ಕಳಿಸ್ಲಿ ಹೇಳು. ಬಟ್ಟೆ, ಅಕ್ಕಿ, ಹೊದಿಕೆ, ನಮ್ಮ ಆಫೀಸಿನವರೆಲ್ಲ ಕೊಡ್ತೀವಿ ಅಂತಿದ್ದಾರೆ" ಅಂತ ನಮ್ಮ ಕಡೆ ನೆರೆ ಬಂದ ಸುದ್ದಿ ತಿಳಿದು ಬೆಂಗಳೂರಿನಿಂದ ಫೋನ್ ಮಾಡಿ ಕೇಳಿದ್ದೆಯಲ್ಲ. ಅವತ್ತು ನನಗೂ ಏನು ಹೇಳಬೇಕೋ ತಿಳಿಯಲಿಲ್ಲ. ಈಗ ಯರಗಟ್ಟಿ ದಾಟಿ ರಾಮದುರ್ಗದವರೆಗೆ ಹೋಗಿ, ಓಣಿ ಓಣಿ ತಿರುಗಿ ಬಂದಿದ್ದೇನೆ. ಬಟ್ಟೆ ಬೇಡ. ಅಕ್ಕಿಯೂ ಬೇಡ. ಬೇಕಾಗಿರುವುದೇ ಬೇರೆ. ಅದನ್ನು ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ರಾಮದುರ್ಗದ ಹೊಳೆ ಮಲಪ್ರಭೆ ಇಷ್ಟೊಂದು ಸಿಟ್ಟಾಗುತ್ತಾಳೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರದ ಮೇಲೆ ಹಾಯ್ದು ಬರುವ ನೀರೆಲ್ಲ ನವಿಲುತೀರ್ಥದ ಡ್ಯಾಮಿನಲ್ಲಿ ನಿಲ್ಲುತ್ತದೆ. 37.73 ಟಿಎಂಸಿ ಹಿಡಿಸುವ ಡ್ಯಾಮು, ಎಷ್ಟೋ ವರ್ಷ ಅದು ತುಂಬಿಯೇ ಇರಲಿಲ್ಲ. ಹಾಗಾಗಿ ಕೆಳಗಿನ ಹೊಳೆಗೆ ನೀರು ಬಿಡುವ ಪ್ರಸಂಗವೇ ಬರುತ್ತಿರಲಿಲ್ಲ. ಪಾತ್ರದ ತುಂಬ ಜಾಲಿಕಂಟಿ ಬೆಳೆಯಿತು. ದಂಡೆಯ ಹೊಲಗಳು ಒಂದೊಂದೇ ಮಾರು ಒಳಗೆ ಸರಿದವು. ಯಾರನ್ನೂ ಬೈಯುತ್ತಿಲ್ಲ ನಾನು. ವರ್ಷಗಟ್ಟಲೆ ನೀರೇ ಬರದ ಕರಿಮಣ್ಣನ್ನು ಬಿತ್ತದೆ ಯಾವ ರೈತ ಬಿಡುತ್ತಾನೆ ಹೇಳು? ಆಗಸ್ಟಿನ ಮೊದಲ ವಾರ ಘಟ್ಟದಲ್ಲಿ ಹಗಲೂ ರಾತ್ರಿ ಮಳೆ ಹೊಡೆಯಿತು. ನೋಡುನೋಡುತ್ತ ಡ್ಯಾಮು ತುಂಬಿತು, ಗೇಟು ಎತ್ತಿದರು. ಅಷ್ಟು ನೀರು ಹೋಗುವ ದಾರಿ ಹೊಳೆಯಲ್ಲಿ ಉಳಿದಿರಲಿಲ್ಲ. ಊರೊಳಗೆ ಬಂತು.

ಪಟ್ಟದಕಲ್ಲಿನ ಗುಡಿಗಳು ನೀರಲ್ಲಿ ನಿಂತದ್ದನ್ನು ಟಿವಿಯಲ್ಲಿ ನೀನೂ ನೋಡಿರುತ್ತೀ. ಅದು ಇದೇ ಹೊಳೆಯ ನೀರು. ಗುಡಿಗಳು ಗಟ್ಟಿಯಾಗಿವೆ, ಚಿಂತೆ ಮಾಡಬೇಡ. ಮಣ್ಣಿನ ಮನೆಗಳ ಕತೆ ಹಾಗಲ್ಲ.

ನಮ್ಮ ಕಡೆಯ ಹಳೇ ಮಾಳಿಗೆ ಮನೆ ನಿನಗೆ ಗೊತ್ತಲ್ಲ? ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ ಜಂತಿ, ಅದರ ಮೇಲೆ ಮತ್ತೆ ಮಣ್ಣು. ನೀರು ಸುತ್ತ ನಿಂತಿರುವಾಗ ಎಷ್ಟೋ ಗೋಡೆಗಳು ನಿಂತೇ ಇದ್ದವು. ನೀರು ಇಳಿದ ಮೇಲೆ ಬಿದ್ದವು. ಬುಡ ನೆನೆದು ಮೆತ್ತಗಾಗಿರುತ್ತದೆ, ಮೇಲಿನ ಭಾರ ಮೊದಲಿನಷ್ಟೇ ಇರುತ್ತದೆ. ಬಿಸಿಲು ಬಿದ್ದು ಒಣಗುತ್ತ ಬಂದಾಗ ಬಿರುಕು ಬಿಟ್ಟು ಕುಸಿಯುತ್ತದೆ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಹೇಳಿದೆ, ತಕ್ಷಣದ ಖರ್ಚಿಗೆ 10,000. ಆದರೆ ಸರ್ವೆಗೆ ಬಂದ ದಿನ ಗೋಡೆ ನಿಂತಿದ್ದರೆ ಪುಸ್ತಕದಲ್ಲಿ ಬೀಳುವುದು ಅಲ್ಪಸ್ವಲ್ಪ ಹಾನಿ ಅಂತ. ಒಬ್ಬ ಅಕ್ಕ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಸರ್ವೆಯವರು ಹೋದ ಮೇಲೆ ಹಿಂದಿನ ಗೋಡೆ ಪೂರ್ತಿ ಒರಗಿದೆ. "ಈಗ ಮತ್ತ ಯಾರ ಬಂದು ಬರಕೋತಾರ್ರೀ ಅಣ್ಣಾ?" ಅಂದರು. ಈ ಒಂದು ವಿಷಯಕ್ಕೆ ನನಗೆ ನಿಜಕ್ಕೂ ಸಿಟ್ಟು ಬಂತು. ಮಣ್ಣಿನ ಮನೆಯನ್ನು ಒಂದೇ ಸಲ ನೋಡಿ ತೀರ್ಪು ಕೊಡಬಾರದು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ರಾಮದುರ್ಗ ನೇಕಾರರ ಊರು. ಹೊಳೆ ಕಡೆಯ ಓಣಿಯಲ್ಲಿ ಒಬ್ಬ ಕಾಕಾ ಅವರ ಮನೆಗೆ ಹೋಗಿದ್ದೆ. ಅವರದು ಕುಣಿ ಮಗ್ಗ. ನೆಲದಲ್ಲಿ ಗುಂಡಿ ತೋಡಿರುತ್ತಾರೆ, ಅದರೊಳಗೆ ಕಾಲು ಇಳಿಬಿಟ್ಟು ಕೂತು ತುಳಿಯುತ್ತಾರೆ. ಆ ಗುಂಡಿಯ ತುಂಬ ಕೆಸರು. ಬುಟ್ಟಿಗಟ್ಟಲೆ ಎತ್ತಿ ಹಾಕಿದ್ದಾರೆ, ಆದರೂ ಒಳಗಿಂದ ನೀರು ಜಿನುಗುತ್ತಲೇ ಇದೆ. ಮಗ್ಗದ ಕಟ್ಟಿಗೆ ಉಬ್ಬಿ, ಒಂದಕ್ಕೊಂದು ಕೂಡುವ ಕಡೆಯೆಲ್ಲ ಸಡಿಲಾಗಿದೆ. ಹಾಸು, ಅಂದರೆ ಉದ್ದಕ್ಕೆ ಎಳೆದು ಕಟ್ಟಿದ ನೂಲು, ಮಗ್ಗದ ಮೇಲೇ ಇತ್ತು. ಹಾಸಿನ ನೂಲಿಗೆ ಗಂಜಿ ಕೊಟ್ಟಿರುತ್ತಾರಲ್ಲ, ಅದು ಕೆಸರು ನೀರಲ್ಲಿ ಕೊಳೆತು ವಾಸನೆ ಹಿಡಿದಿತ್ತು. ಎಳೆ ಎಳೆಗೆ ಅಂಟಿಕೊಂಡು ಬಿಡಿಸಲು ಬರುವ ಹಾಗಿರಲಿಲ್ಲ. ಕತ್ತರಿಸಿ ತೆಗೆದರು. ಆ ನೂಲು ಅವರದಲ್ಲ, ನೂಲು ಕೊಟ್ಟು ನೇಯಿಸುವ ಮಾಲಕರದು. ಕೂಲಿ ಸೀರೆ ಲೆಕ್ಕದಲ್ಲಿ ಸಿಗುತ್ತದೆ. ಅರ್ಧ ನೇಯ್ದ ಸೀರೆಗೆ ಕೂಲಿ ಇಲ್ಲ.

ಬಾಗಿಲ ಹೊರಗೆ ಕಟ್ಟೆಯ ಮೇಲೆ ಜಕಾರ್ಡಿನ ರಟ್ಟಿನ ಪಟ್ಟಿಗಳನ್ನು ಸಾಲಾಗಿ ಒಣಹಾಕಿದ್ದರು. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗೆ ಉಳಿಯಬೇಕು ಅನ್ನುವುದೆಲ್ಲ ಆ ರಟ್ಟಿನ ತೂತುಗಳಲ್ಲೇ ಇರುತ್ತದೆ. ಅಂಚಿನ ಹೂವು ಬಳ್ಳಿ ಬರುವುದು ಅದರಿಂದಲೇ. ನಾನೊಂದು ಎತ್ತಿಕೊಂಡೆ. ನೆನೆದ ಹಪ್ಪಳದ ಹಾಗೆ ಕೈಯಲ್ಲೇ ಬಾಗಿತು, ತೂತುಗಳೆಲ್ಲ ಮುಚ್ಚಿಹೋಗಿದ್ದವು. ಕಾಕಾ ಅದನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮತ್ತೆ ಸಾಲಿನಲ್ಲಿ ಅದರ ಜಾಗದಲ್ಲೇ ಇಟ್ಟರು. ಪವರ್ ಲೂಮ್ ಇದ್ದವರ ಪಾಡೂ ಅಷ್ಟೇ. ಮೋಟಾರಿಗೆ ನೀರು ಹೊಕ್ಕಿದೆ, ರಿವೈಂಡಿಂಗ್ ಅಂಗಡಿ ಮುಂದೆ ಸಾಲು ಹಚ್ಚಿದ್ದಾರೆ.

"ಬೇರೆ ಕಡೆ ಮನೆ ಕೊಟ್ಟರೆ ಹೋಗ್ತೀರಾ?" ಅಂತ ಕೇಳಿದೆ. 2009ರ ನೆರೆಯ ನಂತರ ಕಟ್ಟಿದ ಆಸರೆ ಮನೆಗಳು ನೆನಪಿವೆಯಲ್ಲ, ಹೊಲ ದೂರ ಅಂತ, ದನ ಕಟ್ಟಲು ಜಾಗ ಇಲ್ಲ ಅಂತ ಎಷ್ಟೋ ಕಡೆ ಜನ ಹೋಗಲೇ ಇಲ್ಲ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ತೇವ್ರಿ. ಆದ್ರ ಅಲ್ಲಿ ಮಗ್ಗ ಹಾಕಾಕ ಜಾಗಾ ಇರಬೇಕಲ್ರಿ" ಅಂದರು.

ಇನ್ನು ಬಟ್ಟೆಯ ವಿಷಯ. ಕಾಳಜಿ ಕೇಂದ್ರದ ಹತ್ತಿರ ಹಳೇ ಬಟ್ಟೆ ರಾಶಿ ಬಿದ್ದಿದೆ, ಮಳೆಯಲ್ಲಿ ನೆನೆಯುತ್ತಿದೆ. ಬಟ್ಟೆ ನೇಯುವ ಊರಿಗೆ ಯಾರೋ ಉಟ್ಟು ಬಿಟ್ಟ ಬಟ್ಟೆ! ಕಳಿಸಿದವರ ಮನಸ್ಸು ದೊಡ್ಡದೇ, ಆದರೆ ತೆಗೆದುಕೊಳ್ಳುವವರ ಮುಖ ನನಗೆ ನೋಡಲಾಗಲಿಲ್ಲ. ಎಲ್ಲರಿಗೂ ಉಪಯೋಗಕ್ಕೆ ಬಂದದ್ದು ಅಕ್ಕಪಕ್ಕದ ಊರಿನವರು ಗಂಟು ಕಟ್ಟಿ ತಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಒಲೆ ಹೊತ್ತಿಸಲು ಒಣಗಿದ ಕಟ್ಟಿಗೆ ಇಲ್ಲದ ದಿನಗಳಲ್ಲಿ ಅದೇ ಊಟ. ಏನು ಬೇಕು ಅಂತ ಅವರಿಗೆ ಯಾರೂ ಹೇಳಬೇಕಾಗಲಿಲ್ಲ.

ಈಗ ಆ ಹಂತ ಮುಗಿದಿದೆ ದೋಸ್ತ. "ಹಾಸಿನ ನೂಲು ಒಂದು ಸಿಕ್ಕರ ನಾಳಿಂದನ ಕುಂದರ್ತೇನ್ರಿ" ಅಂದರು ಕಾಕಾ. ನಿಮ್ಮ ಆಫೀಸಿನವರು ಕೂಡಿಸಿದ ಹಣ ಇದಕ್ಕೇ ಬರಲಿ. ಬಡಿಗೇರರ ಕೂಲಿ, ಹೊಸ ರಟ್ಟು, ಮೊದಲ ಹಾಸಿನ ನೂಲು, ಇಷ್ಟಾದರೆ ಒಂದು ಮಗ್ಗ ಎದ್ದು ನಿಲ್ಲುತ್ತದೆ. ಇನ್ನೊಂದು ಮಾತು. ದೀಪಾವಳಿಗೆ ನಿಮ್ಮಲ್ಲಿ ಎಷ್ಟು ಜನ ಸೀರೆ ಕೊಳ್ಳುತ್ತಾರೋ ಕೇಳು. ಅರ್ಧ ದುಡ್ಡು ಈಗಲೇ ಕೊಡಲಿ, ಮುಂಗಡ ಅಂತ ಹೇಳಿಯೇ ಕೊಡೋಣ. ಸೀರೆ ಸ್ವಲ್ಪ ತಡವಾದರೂ ಬೇಜಾರು ಮಾಡಿಕೊಳ್ಳಬಾರದು ಅಂತ ಮೊದಲೇ ಹೇಳಿಬಿಡು. ಯಾರ ಮಗ್ಗಕ್ಕೆ ಏನು ಬೇಕು ಅನ್ನುವ ಪಟ್ಟಿಯನ್ನು ಓಣಿಯ ಹಿರಿಯರ ಜೊತೆ ಕೂತು ನಾನು ಮಾಡುತ್ತೇನೆ. ಬಾಡಿಗೆ ಮನೆಯಲ್ಲಿ ಮಗ್ಗ ಇಟ್ಟುಕೊಂಡವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ, ಅವರನ್ನು ಮೊದಲು ಬರೆದುಕೊಳ್ಳಬೇಕು ಅಂತಿದ್ದೇನೆ.

ದಸರಾಕ್ಕೆ ಬರುತ್ತೀನಿ ಅಂದಿದ್ದೆಯಲ್ಲ, ತಪ್ಪಿಸಬೇಡ. ಒಂದು ದಿನ ಜಾಸ್ತಿ ರಜೆ ಹಾಕಿ ಬಾ, ರಾಮದುರ್ಗಕ್ಕೆ ಕೂಡಿಯೇ ಹೋಗೋಣ. ಬೆಳಗಿನ ಬಸ್ ಹಿಡಿದರೆ ಮಧ್ಯಾಹ್ನದೊಳಗೆ ಮುಟ್ಟುತ್ತೇವೆ. ಟಿಕೆಟ್ ಆದ ಕೂಡಲೇ ಫೋನ್ ಮಾಡು, ಕಾಕಾ ಅವರಿಗೆ ತಿಳಿಸುತ್ತೇನೆ.

ನಿನ್ನ
ದೋಸ್ತ