ಗಿರಿಗೆ, ಲೆಸ್ತಾರ್ತಿತ್‌ನಿಂದ

ಪ್ರೀತಿಯ ಗಿರಿ,

ಡೈವಿಂಗ್‌ಗೆ ಮಾಲ್ಟಾನೋ, ಸೈಪ್ರಸ್ಸೋ, ಇಲ್ಲಾ ನೀನಿರೋ ಕಡೆಗೇ ಬರಲೋ ಅಂತ ಕೇಳಿದ್ದೆಯಲ್ಲ, ಇಲ್ಲಿಗೇ ಬಾ. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ನೇತ್ರಾಣಿಯಲ್ಲಿ ನಮ್ಮ ಜೊತೆ ಡೈವಿಂಗ್ ಕಲಿತವರೆಲ್ಲ ನಾನಿಲ್ಲಿ ಬರೆದದ್ದನ್ನು ಓದುತ್ತಿರುತ್ತಾರೆ, ಅವರೂ ಕೇಳಿಸಿಕೊಳ್ಳಲಿ. ನಾಲ್ಕು ಜನರ ಮುಂದೆ ಬರೆದರೆ ಕೊನೇ ಗಳಿಗೆಯಲ್ಲಿ ‘ರಜೆ ಸಿಗಲಿಲ್ಲ ಕಣೋ’ ಅನ್ನೋಕೂ ನಿನಗೆ ಆಗುವುದಿಲ್ಲ.

ಆ ಎರಡು ಜಾಗಗಳೂ ಚೆನ್ನಾಗೇ ಇವೆ. ಸೈಪ್ರಸ್‌ನ ಲಾರ್ನಕಾ ಹತ್ತಿರ ಜೆನೋಬಿಯಾ ಅನ್ನೋ ದೊಡ್ಡ ಹಡಗು ಬಿದ್ದಿದೆ. 1980ರಲ್ಲಿ ಮೊದಲ ಪ್ರಯಾಣದಲ್ಲೇ ಮುಳುಗಿದ್ದು. ಹೊತ್ತಿದ್ದ ಲಾರಿಗಳು ಇನ್ನೂ ಅದರ ಜೊತೆಗೇ ಇವೆ. ಹಡಗು ಬೇಕು ಅನ್ನುವವರು ಅಲ್ಲಿಗೇ ಹೋಗಲಿ. ಮಾಲ್ಟಾದವರ ಗೋಜೋ ದ್ವೀಪದಲ್ಲಿ ಬ್ಲೂ ಹೋಲ್ ಇದೆ. ಅದರ ಪಕ್ಕದ ಕಲ್ಲಿನ ಕಮಾನು 2017ರ ಮಾರ್ಚ್ ತಿಂಗಳ ಬಿರುಗಾಳಿಗೆ ಕುಸಿದು ಸಮುದ್ರಕ್ಕೆ ಬಿತ್ತು. ಈಗ ಆ ಬಂಡೆಗಳ ನಡುವೆಯೇ ಜನ ಈಜುತ್ತಾರೆ. ಆದರೆ ನಿನಗೆ ಬೇಕಿರೋದು ಜೀವ ತುಂಬಿದ ನೀರು. ಅದಕ್ಕೆ ಮೆಡೆಸ್ ದ್ವೀಪಗಳೇ ಸರಿ.

ಸ್ಪೇನಿನ ಬಾರ್ಸಿಲೋನಾದಿಂದ ಉತ್ತರಕ್ಕೆ, ಫ್ರಾನ್ಸ್ ಕಡೆಗೆ ಬಂದರೆ ಕೋಸ್ತಾ ಬ್ರಾವಾ ಕರಾವಳಿ. ಅಲ್ಲಿ ಲೆಸ್ತಾರ್ತಿತ್ ಅಂತ ಒಂದು ಸಣ್ಣ ಊರು. ದಡದಿಂದ ಒಂದು ಕಿಲೋಮೀಟರ್ ಆಚೆ ಸುಣ್ಣಕಲ್ಲಿನ ಏಳು ಪುಟ್ಟ ದ್ವೀಪಗಳು, ಅವೇ ಮೆಡೆಸ್. ದೂರದಿಂದ ನೋಡಿದರೆ ಬರೀ ಬೋಳು ಬಂಡೆ, ಮೇಲೆ ಸಮುದ್ರ ಹಕ್ಕಿಗಳ ಗಲಾಟೆ. ಇಷ್ಟಕ್ಕಾ ಇಷ್ಟು ದೂರ ಬಂದೆ ಅಂತ ನಿನಗೆ ಅನ್ನಿಸುತ್ತದೆ. ನೀರಿಗಿಳಿ, ಆಮೇಲೆ ಮಾತಾಡು.

ಒಂದು ಕಾಲದಲ್ಲಿ ಇಲ್ಲಿ ಮೀನು, ಹವಳ ಎಲ್ಲವನ್ನೂ ಬಳಿದು ಬರಿದು ಮಾಡಿದ್ದರು. 1983ರಲ್ಲಿ ದ್ವೀಪಗಳ ಸುತ್ತ ಮೀನು ಹಿಡಿಯುವುದನ್ನು, ಹವಳ ಕೀಳುವುದನ್ನು ನಿಲ್ಲಿಸಿದರು. 1990ರಲ್ಲಿ ಅದಕ್ಕೆ ಕಾನೂನಿನ ಬಲವೂ ಬಂತು. ಬೋಟುಗಳು ಲಂಗರು ಹಾಕುವ ಹಾಗಿಲ್ಲ, ನೀರಲ್ಲಿ ತೇಲುವ ಬೋಯೆಗೆ ಹಗ್ಗ ಕಟ್ಟಬೇಕು. ಡೈವರ್‌ಗಳ ಸಂಖ್ಯೆಗೂ ಮಿತಿ ಇದೆ. ನನ್ನ ಕೇಳಿದರೆ ಆ ಮಿತಿಯನ್ನು ಇನ್ನೂ ಬಿಗಿ ಮಾಡಬೇಕು. ಆದರೂ ಮಾಡಿದ್ದಕ್ಕೆ ಫಲ ಕಣ್ಣೆದುರೇ ಇದೆ. ಗ್ರೂಪರ್ ಮೀನುಗಳು ಕರುವಿನಷ್ಟು ಗಾತ್ರ ಬೆಳೆದಿವೆ. ಮೈಮೇಲೆ ಮಾಸಲು ಚುಕ್ಕೆ, ದಪ್ಪ ತುಟಿ. ಹತ್ತಿರ ಬಂದು ನಿಂತು ಮುಖಕ್ಕೆ ಮುಖ ಕೊಟ್ಟು ನೋಡುತ್ತವೆ. ಹುಟ್ಟುವಾಗ ಎಲ್ಲವೂ ಹೆಣ್ಣು. ವಯಸ್ಸಾದ ಮೇಲೆ ಕೆಲವು ಗಂಡಾಗುತ್ತವೆ. ಹಾಗಾಗಿ ದೊಡ್ಡವನ್ನೆಲ್ಲ ಹಿಡಿದು ತಿಂದುಬಿಟ್ಟರೆ ಆ ಜಾಗದಲ್ಲಿ ಗಂಡೇ ಉಳಿಯುವುದಿಲ್ಲ. ಅವು ಇಷ್ಟು ದೊಡ್ಡದಾಗುವ ತನಕ ಇಲ್ಲಿನ ಜನ ಕಾದರಲ್ಲ, ಅದು ನನಗೆ ತುಂಬಾ ದೊಡ್ಡ ವಿಷಯ ಅನ್ನಿಸುತ್ತದೆ.

ಎಲ್ಲವೂ ಸುಖವಾಗಿಲ್ಲ. ಗೋಡೆಗಳ ಮೇಲೆ ಹವಳದ ಬಳಗಕ್ಕೇ ಸೇರಿದ ಕೆಂಪು ಗೊರ್ಗೋನಿಯಾಗಳಿವೆ, ಬೀಸಣಿಗೆಯ ಹಾಗೆ ಹರಡಿಕೊಂಡು. ಅವುಗಳಲ್ಲಿ ಅರ್ಧ ಸತ್ತವೂ ಇವೆ. ಸತ್ತ ಕಡ್ಡಿಗಳ ಮೇಲೆ ಪಾಚಿ ಹತ್ತಿದೆ. 1999ರಲ್ಲಿ, 2003ರಲ್ಲಿ, ಮತ್ತೆ 2022ರಲ್ಲಿ ಬೇಸಿಗೆಯ ಬಿಸಿ ನೀರು ಪಶ್ಚಿಮ ಮೆಡಿಟರೇನಿಯನ್ನಿನಲ್ಲಿ ಇವನ್ನು ರಾಶಿ ರಾಶಿ ಕೊಂದಿದೆ. ನೀರು ಬಿಸಿಯಾಗುವುದನ್ನು ಯಾವ ಬೋಯೆ ಕಟ್ಟಿ ತಡೆಯುತ್ತೀಯ? ಮೀನುಗಾರನಿಗೆ ಬೇಡ ಅನ್ನಬಹುದು, ಬಿಸಿಲಿಗೆ ಹೇಳೋಕಾಗುತ್ತಾ?

ಈಗ ನಾನು ನಿನಗೆ ತೋರಿಸಲೇಬೇಕಾದದ್ದಕ್ಕೆ ಬರುತ್ತೇನೆ. ಮೇದಾ ಪೆತೀತಾ ಅನ್ನೋ ದ್ವೀಪದ ಹೊಟ್ಟೆಯೊಳಗೆ ಸುರಂಗಗಳಿವೆ. ಎಲ್ ದೊಫಿ ಅಂತ ಕರೆಯುತ್ತಾರೆ. ಒಳಗೆ ಹೋಗುವ ಮುಂಚೆ ನಮ್ಮ ಗೈಡ್ ಎರಡು ಬೆರಳಿಂದ ಕಾಲಿನ ಈಜುರೆಕ್ಕೆ, ಅದೇ ಫಿನ್, ತೋರಿಸಿ, ಕೈ ಕೆಳಗೆ ಮಾಡಿದಳು. ಮೆಲ್ಲಗೆ, ಯಾವುದಕ್ಕೂ ತಾಗಿಸಬೇಡಿ ಅಂತ. ಸ್ವಲ್ಪ ಒಳಗೆ ಹೋಗಿ ಚಾವಣಿಯ ಒಂದು ಮೂಲೆಗೆ ಕೈ ತೋರಿಸಿದಳು. ಏನೂ ಕಾಣಲಿಲ್ಲ. ಕಪ್ಪು ಕಪ್ಪಾದ ಗಂಟುಗಳು, ಅಷ್ಟೆ. ಆಮೇಲೆ ಟಾರ್ಚ್ ಹಾಕಿದಳು.

ಕೆಂಪು, ಗಿರಿ! ಅಂಥ ಕೆಂಪು! ನೀರು ಎಲ್ಲಕ್ಕಿಂತ ಮೊದಲು ಕೆಂಪು ಬಣ್ಣವನ್ನೇ ನುಂಗಿಬಿಡುತ್ತದೆ, ನಿನಗೆ ಗೊತ್ತು. ಅದಕ್ಕೇ ಬೆಳಕು ಬೀಳುವ ತನಕ ಅದು ಕಪ್ಪಾಗಿತ್ತು. ಬೆರಳುದ್ದದ ಕವಲುಗಳು ಚಾವಣಿಯಿಂದ ತಲೆಕೆಳಗಾಗಿ ಬೆಳೆದಿದ್ದವು. ಕವಲಿನ ಮೈತುಂಬ ಬಿಳಿ ಹೂವು. ಹತ್ತಿರ ಹೋಗಿ ನೋಡಿದರೆ ಒಂದೊಂದಕ್ಕೂ ಎಂಟು ಪುಟ್ಟ ತೋಳು, ತೋಳಿನ ಅಂಚಿಗೆ ಕುಚ್ಚು. ಅವು ಹೂವಲ್ಲ, ಪ್ರಾಣಿಗಳು. ನೀರಲ್ಲಿ ಬಂದದ್ದನ್ನು ಹಿಡಿದು ತಿನ್ನುತ್ತಿದ್ದವು. ನಾವು ಬಿಟ್ಟ ಗುಳ್ಳೆಗಳು ಚಾವಣಿಗೆ ಬಡಿದರೂ ಅವುಗಳಿಗೆ ತೊಂದರೆ. ಹಾಗಾಗಿ ಸ್ವಲ್ಪವೇ ಹೊತ್ತು ನೋಡಿ ಹಿಂದೆ ಸರಿದೆವು.

ಇದೇ ಹವಳ. ನಮ್ಮ ಹವಳ. ರೋಮನ್ನರ ಕಾಲದಲ್ಲೇ ಹಡಗು ಹತ್ತಿ ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬರುತ್ತಿದ್ದದ್ದು. ರೋಮನ್ನರಿಗೆ ಮುತ್ತು ಹೇಗೋ ಭಾರತದವರಿಗೆ ಹವಳ ಹಾಗೆ ಅಂತ ರೋಮಿನ ಲೇಖಕ ಪ್ಲಿನಿ ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾನೆ. ನೇಪಲ್ಸ್ ಹತ್ತಿರದ ತೋರೆ ದೆಲ್ ಗ್ರೇಕೋ ಊರಿನವರು ಇವತ್ತಿಗೂ ಇದನ್ನು ಕೆತ್ತಿ ಮಣಿ ಮಾಡುತ್ತಾರೆ. ಇದು ವರ್ಷಕ್ಕೆ ಅರ್ಧ ಮಿಲಿಮೀಟರ್ ಕೂಡ ದಪ್ಪ ಆಗುವುದಿಲ್ಲ. ಕೊತ್ತಂಬರಿ ಕಾಳಿನಷ್ಟು ಮಣಿ ಬೇಕಾದರೂ ಈ ಕತ್ತಲೆಯಲ್ಲಿ ಹತ್ತು ವರ್ಷದ ಮೇಲೆ ಬೆಳೆಯಬೇಕು. ಹಿಂದೆಲ್ಲ ಭಾರವಾದ ಮರದ ಶಿಲುಬೆಗೆ ಬಲೆ ಕಟ್ಟಿ, ಅದನ್ನು ಸಮುದ್ರದ ತಳದಲ್ಲಿ ಎಳೆದುಕೊಂಡು ಹೋಗುತ್ತಿದ್ದರಂತೆ. ಮುರಿದದ್ದರಲ್ಲಿ ಬಲೆಗೆ ಸಿಕ್ಕಿದ್ದಷ್ಟು ಅವರಿಗೆ. ಉಳಿದದ್ದು ಅಲ್ಲೇ ಬಿದ್ದು ಹಾಳು.

ಇಷ್ಟೇ ಬರೆದು ನಿಲ್ಲಿಸಬೇಕು ಅಂದುಕೊಂಡಿದ್ದೆ.

ಅಮ್ಮನ ಕರಿಮಣಿ ಸರದಲ್ಲಿ ಎರಡು ಹವಳ ಇದ್ದವು, ನೆನಪಿದೆಯಾ? ತಾಳಿಯ ಆಚೆಗೊಂದು, ಈಚೆಗೊಂದು. ನೀನು ನಮ್ಮ ಮನೆಯಲ್ಲಿ ಎಷ್ಟು ಸಲ ಊಟ ಮಾಡಿಲ್ಲ, ನೋಡೇ ಇರುತ್ತೀಯ. ಅವು ಅಮ್ಮನ ಅಜ್ಜಿಯ ಕಾಲದವು. ಬೆವರು ತಾಗಿ ತಾಗಿ ಹೊಳಪು ಹೋಗಿತ್ತು. ಬಡಿಸೋಕೆ ಬಗ್ಗಿದಾಗ ಸರ ಮುಂದಕ್ಕೆ ಬಂದು ತೂಗುತ್ತಿತ್ತು. ಆಗ ಅಮ್ಮ ಅದನ್ನು ಎಡಗೈಯಿಂದ ಹಿಡಿದು ಸೆರಗಿನೊಳಗೆ ಹಾಕಿಕೊಳ್ಳುತ್ತಿದ್ದಳು.

ಅಪ್ಪನ ಕ್ರಿಯೆಯೆಲ್ಲ ಮುಗಿದ ದಿನ ನೀನು ಹೊರಗೆ ಅಂಗಳದಲ್ಲಿ ಬಾಡಿಗೆ ಪಾತ್ರೆ ಎಣಿಸಿ ಕೊಡುತ್ತಿದ್ದೆ. ಒಳಗೆ ನಡೆದದ್ದು ನಿನಗೆ ಗೊತ್ತಿಲ್ಲ. ಯಾರೂ ಹೇಳಲಿಲ್ಲ. ಅಮ್ಮ ತಾನೇ ಸರ ತೆಗೆದು ಕುಂಕುಮದ ಹಳೇ ಡಬ್ಬಿಯಲ್ಲಿ ಇಟ್ಟಳು. ಕೊರಳಲ್ಲಿ ಸರ ಕೂತಿದ್ದಷ್ಟು ಜಾಗ ಬೆಳ್ಳಗೆ ಒಂದು ಗೆರೆಯ ಹಾಗೆ ಕಾಣುತ್ತಿತ್ತು.

ಅವತ್ತಿಂದ ನಾನು ಅಮ್ಮನ ಕೊರಳು ನೋಡಿಲ್ಲ, ಗಿರಿ. ವಿಡಿಯೋ ಕಾಲ್ ಮಾಡಿದಾಗ ಹಣೆ ನೋಡುತ್ತೇನೆ. ಹಿಂದಿನ ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ. ಅಪ್ಪನ ಫೋಟೋ ಎಷ್ಟು ಹೊತ್ತು ಬೇಕಾದರೂ ನೋಡಬಲ್ಲೆ. ಅಮ್ಮನ ಕೊರಳಿನ ಕಡೆ ಕಣ್ಣು ಹೋಗುವುದೇ ಇಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಆ ಸುರಂಗದಲ್ಲಿ ಟಾರ್ಚ್ ಬಿದ್ದಾಗ ಎದೆ ಧಸಕ್ ಅಂದಿತು. ಮೊದಲು ಹೊಳೆದದ್ದೇ ಆ ಡಬ್ಬಿ. ಇಲ್ಲಿ ಇಷ್ಟು ಜೀವ ಇದೆ, ಅಲ್ಲಿ ಅದು ಮುಚ್ಚಳದೊಳಗಿದೆ.

ನನಗೆ ಸಿಟ್ಟೂ ಬರುತ್ತದೆ. ಆ ಹವಳ ಅಪ್ಪ ತಂದು ಹಾಕಿದ್ದಲ್ಲ. ಅದು ಅಮ್ಮನಿಗೆ ತವರಿಂದ ಬಂದದ್ದು, ಅವಳಿಗೆ ಇಷ್ಟವಾದದ್ದು. ತಾಳಿ ತೆಗೆದರೆ ಅದನ್ನೂ ಯಾಕೆ ತೆಗೆಯಬೇಕು? ಬೇರೆ ದಾರದಲ್ಲಿ ಪೋಣಿಸಿ ಹಾಕಿಕೋ ಅಮ್ಮ ಅಂತ ಹೇಳಬೇಕು ಅನ್ನಿಸುತ್ತದೆ. ಬಾಯಿ ಬರುವುದಿಲ್ಲ. ನೀನೇ ಒಮ್ಮೆ ಮನೆಗೆ ಹೋಗಿ ಕೇಳ್ತೀಯಾ? ನಿನ್ನ ಮಾತು ಅಂದರೆ ಅವಳು ನಗ್ತಾ ಕೇಳುತ್ತಾಳೆ.

ಬೇಡ. ನೀನು ಕೇಳಬೇಡ, ನಾನೇ ಕೇಳುತ್ತೇನೆ. ಅಮ್ಮನಿಗೆ ಹವಳದ ಫೋಟೋ ಕಳಿಸಿದ್ದೇನೆ. ‘ಇದು ಪ್ರಾಣಿನಾ? ಇಷ್ಟು ವರ್ಷ ಪ್ರಾಣಿ ಕಟ್ಟಿಕೊಂಡಿದ್ನಾ ನಾನು?’ ಅಂತ ಬಿದ್ದು ಬಿದ್ದು ನಕ್ಕಳು. ಭಾನುವಾರ ಫೋನ್ ಮಾಡಿದಾಗ ಅಲ್ಲಿಂದಲೇ ಮಾತು ಶುರು ಮಾಡುತ್ತೇನೆ.

ಸರಿ, ಸಾಕು. ಇಷ್ಟು ಜನ ಓದುತ್ತಿದ್ದಾರೆ, ಎಲ್ಲರೂ ಸೇರಿ ಮಂಕಾಗುವುದು ಬೇಡ. ಸೆಪ್ಟೆಂಬರಿನಲ್ಲಿ ಬಾ. ಬೇಸಿಗೆಯ ಜನಸಂದಣಿ ಕಮ್ಮಿಯಾಗಿರುತ್ತದೆ, ನೀರು ಇನ್ನೂ ಬೆಚ್ಚಗಿರುತ್ತದೆ. ಹಾಗಂತ ನೇತ್ರಾಣಿ ಅಂದುಕೊಂಡು ಬನಿಯನ್ನಿನಲ್ಲಿ ಇಳಿಯಬೇಡ. ಕೆಳಗೆ ಇಳಿದ ಹಾಗೆ ಒಮ್ಮೆಗೇ ತಣ್ಣನೆಯ ನೀರು ಸಿಗುತ್ತದೆ, ದಪ್ಪ ವೆಟ್‌ಸೂಟ್ ಬೇಕೇ ಬೇಕು. ಪೂರ್ವದ ಗಾಳಿ ಎದ್ದರೆ ಬೋಟು ಹೊರಡುವುದಿಲ್ಲ. ಅದಕ್ಕೆ ಎರಡು ದಿನ ಜಾಸ್ತಿಯೇ ಇಟ್ಟುಕೊಂಡು ಟಿಕೆಟ್ ಮಾಡು. ಡಾಕ್ಟರ ಸರ್ಟಿಫಿಕೇಟ್ ಊರಲ್ಲೇ ಮಾಡಿಸಿಕೊಂಡು ಬಾ, ಇಲ್ಲಿ ಕೇಳುತ್ತಾರೆ. ಅಮ್ಮ ಕೊಡುವ ಅಪ್ಪೆಮಿಡಿಯನ್ನು ಎರಡು ಕವರಿನಲ್ಲಿ ಸುತ್ತು. ಮಂಜಣ್ಣನ ಸೂಟ್‌ಕೇಸಿನ ಕಥೆ ಮತ್ತೆ ಆಗೋದು ಬೇಡ.

ಬೋಟಿನಲ್ಲಿ ಕಿಟಕಿ ಸೀಟು ಇಲ್ಲ, ಈಗಲೇ ಹೇಳಿದ್ದೇನೆ.

ನಿನ್ನ,
ರಘು